ಮರದ ಅಳತೆ: ಪ್ರತ್ಯಕ್ಷವೆಷ್ಟು, ಅನುಮಾನವೆಷ್ಟು?

ಸಂಸ್ಕೃತದಲ್ಲಿ 'ಮಾ' ಎಂಬ ಧಾತುವಿಗೆ ಅಳೆಯುವುದು ಎಂದು ಅರ್ಥ. ಮಾನ, ಪರಿಮಾಣ, ಪ್ರಮಾಣ, ಉಪಮಾನ, ಅನುಮಾನ ಎಂಬ ಶಬ್ದಗಳೆಲ್ಲವೂ ಈ ಒಂದೇ ಧಾತುವಿನಿಂದ ನಿಷ್ಪನ್ನವಾದವು. ಗೌರವವೆಂಬ ಅರ್ಥವುಳ್ಳ 'ಮಾನ'ವು 'ಮನ್' ಧಾತುವಿನಿಂದ ಬಂದ ಬೇರೆಯ ಶಬ್ದವಾದರೂ ಲೋಕವ್ಯವಹಾರದಲ್ಲಿ ಇವೆರಡೂ ಜೊತೆಯಾಗಿಯೇ ನಡೆಯುತ್ತವೆ. ಅಳತೆಯಲ್ಲಿ ತಪ್ಪಿದವನ ಮರ್ಯಾದೆಯೂ ಊರಿನಲ್ಲಿ ಉಳಿಯುವುದಿಲ್ಲ. ಕನ್ನಡದ 'ಅಳೆ' ಎಂಬ ಮೂಲದಿಂದ 'ಅಳತೆ' ಹುಟ್ಟಿದಂತೆ ಶಕ್ತಿ, ಮಿತಿ ಎಂಬ ಅರ್ಥಗಳುಳ್ಳ 'ಅಳವು' ಕೂಡ ಹುಟ್ಟಿತು. ಪ್ರತಿಯೊಂದು ಅಳತೆಗೂ ತನ್ನದೇ ಆದ ಅಳವು ಉಂಟು ಎಂಬ ತಿಳಿವಳಿಕೆ ಈ ನುಡಿಯಲ್ಲಿಯೇ ಅಡಗಿದೆ.

ತರ್ಕಶಾಸ್ತ್ರವು ಜ್ಞಾನಸಾಧನಗಳಲ್ಲಿ ಪ್ರತ್ಯಕ್ಷವನ್ನು ಮೊದಲು, ಅನುಮಾನವನ್ನು ಅನಂತರ ಇರಿಸುತ್ತದೆ. ಇಂದ್ರಿಯಕ್ಕೆ ನೇರವಾಗಿ ಗೋಚರಿಸಿದ್ದು ಪ್ರತ್ಯಕ್ಷ. ಕಂಡ ಹೇತುವಿನಿಂದ ಕಾಣದ ವಸ್ತುವನ್ನು ನಿಶ್ಚಯಿಸುವುದು ಅನುಮಾನ. ಈಗ ಕಾಡಿನಲ್ಲಿಯೂ ತೋಟದಲ್ಲಿಯೂ ನಾಟಾ ಅಳೆಯುವ ಕೆಲಸಕ್ಕೆ ಸ್ಮಾರ್ಟ್‌ಫೋನ್ ಬಂದಿದೆ. ಅದರಲ್ಲಿನ ಕಿರುತಂತ್ರಾಂಶ, ಅಂದರೆ ಜನರ ಮಾತಿನ 'ಆ್ಯಪ್', ಒಂದು ಚಿತ್ರವನ್ನು ತೆಗೆದುಕೊಂಡು ಕ್ಷಣಮಾತ್ರದಲ್ಲಿ ಇಷ್ಟು ಘನಮೀಟರ್ ಎಂದು ಅಂಕಿಯನ್ನು ತೋರಿಸುತ್ತದೆ. ಆ ಅಂಕಿಯಲ್ಲಿ ಪ್ರತ್ಯಕ್ಷವೆಷ್ಟು, ಅನುಮಾನವೆಷ್ಟು, ಆ ಅನುಮಾನವು ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಷಯವು ಕೇವಲ ಶಾಸ್ತ್ರಚರ್ಚೆಯದಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಬೆಳೆಸಿದ ಸಿಲ್ವರ್ ಓಕ್ ಮರಗಳೂ, ಹೊಲದ ಬದುವಿನಲ್ಲಿ ನೆಟ್ಟ ತೇಗವೂ ಎಷ್ಟೋ ಸಂಸಾರಗಳ ಪಾಲಿಗೆ ಕಷ್ಟಕಾಲದ ಗಂಟು. ಮಗಳ ವಿವಾಹಕ್ಕೋ, ಮನೆಯ ಮಾಡಿಗೋ, ಆಸ್ಪತ್ರೆಯ ಖರ್ಚಿಗೋ ಅವು ಮಾರಾಟವಾಗುತ್ತವೆ. ಬೆಳೆಗಾರನು ತನ್ನ ಜೀವಮಾನದಲ್ಲಿ ಒಂದೆರಡು ಸಲ ಮರ ಮಾರುತ್ತಾನೆ. ಕೊಳ್ಳುವವನಿಗೆ ಅದು ನಿತ್ಯದ ವೃತ್ತಿ. ಅಳತೆಯ ಅರಿವು ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಇದ್ದಾಗ ಇಪ್ಪತ್ತು ವರ್ಷ ಬೆಳೆದ ಮರದ ಬೆಲೆಯು ಅರ್ಧ ಗಂಟೆಯಲ್ಲಿ ಕರಗಿಹೋಗಬಹುದು.

ಪ್ರಾಚೀನರ ಕ್ರಕಚವ್ಯವಹಾರ

ಮರದ ಲೆಕ್ಕವು ನಮ್ಮ ಗಣಿತಶಾಸ್ತ್ರಕ್ಕೆ ಹೊಸದಲ್ಲ. ಕ್ರಕಚವೆಂದರೆ ಗರಗಸ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಮರ ಕೊಯ್ಯುವವರ ಲೆಕ್ಕಕ್ಕೆ ಸ್ಥಾನವನ್ನು ಕೊಟ್ಟಿದ್ದಾನೆ. 1150ರ ಸುಮಾರಿನ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ ಕ್ರಕಚವ್ಯವಹಾರವೆಂಬ ಪ್ರಕರಣವೇ ಇದೆ. ಅಲ್ಲಿನ ಉದಾಹರಣೆಯಲ್ಲಿ ಬುಡದಲ್ಲಿ 20 ಅಂಗುಲ, ತುದಿಯಲ್ಲಿ 16 ಅಂಗುಲ ದಪ್ಪವಾಗಿದ್ದು 100 ಅಂಗುಲ ಉದ್ದವಿರುವ ಮರವೊಂದನ್ನು ನಾಲ್ಕು ಕೊಯ್ತ ಕೊಯ್ದರೆ ಕೂಲಿಯ ಲೆಕ್ಕಕ್ಕೆ ಎಷ್ಟು ಹಸ್ತವಾಯಿತೆಂಬುದು ಪ್ರಶ್ನೆ. ಬುಡ ತುದಿಗಳ ಮೊತ್ತದ ಅರ್ಧ 18. ಅದನ್ನು ಉದ್ದದಿಂದ ಗುಣಿಸಿದರೆ 1800. ನಾಲ್ಕು ಕೊಯ್ತಕ್ಕೆ 7200 ಚದರ ಅಂಗುಲ. 24 ಅಂಗುಲಕ್ಕೆ ಒಂದು ಹಸ್ತವಾದುದರಿಂದ 24ರ ವರ್ಗವಾದ 576ರಿಂದ ಭಾಗಿಸಿದರೆ ಹನ್ನೆರಡೂವರೆ ಹಸ್ತವೆಂಬ ಉತ್ತರ ದೊರೆಯುತ್ತದೆ.

ಈ ಲೆಕ್ಕದಲ್ಲಿ ಗಮನಾರ್ಹವಾದ ಅಂಶಗಳು ಎರಡು. ಮರವು ಬುಡದಿಂದ ತುದಿಯವರೆಗೆ ಒಂದೇ ದಪ್ಪವಾಗಿರುವುದಿಲ್ಲವೆಂಬುದನ್ನು ಆಚಾರ್ಯನು ಮೊದಲೇ ಒಪ್ಪಿಕೊಂಡು, ಸರಾಸರಿಯನ್ನು ಹಿಡಿದಿದ್ದಾನೆ. ಎರಡನೆಯದಾಗಿ, ಇಲ್ಲಿ ಅಳೆದಿರುವುದು ಮರದ ಘನಫಲವನ್ನಲ್ಲ, ಗರಗಸ ಹಾಯ್ದ ಕ್ಷೇತ್ರವನ್ನು. ಏಕೆಂದರೆ ಕೂಲಿ ಸಲ್ಲಬೇಕಾದುದು ಅದಕ್ಕೆ. ಯಾತಕ್ಕಾಗಿ ಅಳೆಯುತ್ತೇವೆಂಬುದೇ ಏನನ್ನು ಅಳೆಯಬೇಕೆಂಬುದನ್ನು ನಿರ್ಧರಿಸುತ್ತದೆ. ಈ ಎರಡು ಅಂಶಗಳೂ ಇಂದಿನ ಆ್ಯಪಿಗೂ ಅನ್ವಯಿಸುತ್ತವೆ.

ಒಂದು ದಿಮ್ಮಿ, ಎರಡು ಲೆಕ್ಕ

ದುಂಡು ದಿಮ್ಮಿಯನ್ನು ಅಳೆಯಲು ನಮ್ಮ ದೇಶದ ನಾಟಾ ವ್ಯಾಪಾರದಲ್ಲಿ ರೂಢಿಯಲ್ಲಿರುವ ಕ್ರಮ ಕಾಲುಸುತ್ತಿನ ಲೆಕ್ಕ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಟೇಪಿನಿಂದ ತೆಗೆದು, ಅದರ ಕಾಲು ಭಾಗವನ್ನು ವರ್ಗಮಾಡಿ, ಉದ್ದದಿಂದ ಗುಣಿಸುವುದು ಇದರ ವಿಧಾನ. ಇಂಗ್ಲೆಂಡಿನ ಎಡ್ವರ್ಡ್ ಹೊಪಸ್ ಎಂಬಾತನು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಈ ಕ್ರಮಕ್ಕೆ ಅವನ ಹೆಸರೇ ನಿಂತಿತು. ದುಂಡು ಮರವನ್ನು ಚೌಕವಾಗಿ ಕೊಯ್ಯುವಾಗ ವ್ಯರ್ಥವಾಗುವ ಭಾಗಕ್ಕೆ ಕೊಳ್ಳುವವನಿಗೆ ರಿಯಾಯಿತಿ ದೊರೆಯಲೆಂಬುದು ಇದರ ಹಿಂದಿನ ನ್ಯಾಯ.

ನಡುವಿನ ಸುತ್ತಳತೆ 120 ಸೆಂಟಿಮೀಟರ್, ಉದ್ದ 4 ಮೀಟರ್ ಇರುವ ದಿಮ್ಮಿಯೊಂದನ್ನು ತೆಗೆದುಕೊಳ್ಳೋಣ. ಕಾಲುಸುತ್ತು 30 ಸೆಂಟಿಮೀಟರ್, ಅಂದರೆ 0.3 ಮೀಟರ್. ಅದರ ವರ್ಗ 0.09, ಉದ್ದದಿಂದ ಗುಣಿಸಿದರೆ 0.36 ಘನಮೀಟರ್. ಅದೇ ದಿಮ್ಮಿಯನ್ನು ನಿಜವಾದ ವೃತ್ತಸ್ತಂಭವೆಂದು ಭಾವಿಸಿ, ಸುತ್ತಳತೆಯ ವರ್ಗವನ್ನು 12.566ರಿಂದ ಭಾಗಿಸಿ ಉದ್ದದಿಂದ ಗುಣಿಸಿದರೆ ಸುಮಾರು 0.458 ಘನಮೀಟರ್ ಬರುತ್ತದೆ. ಕಾಲುಸುತ್ತಿನ ಲೆಕ್ಕವು ಯಾವಾಗಲೂ ನಿಜವಾದ ಘನಫಲದ ಶೇಕಡಾ 78.5ರಷ್ಟನ್ನು ಮಾತ್ರ ಹೇಳುತ್ತದೆ. ಇದು ಮೋಸವಲ್ಲ, ಉಭಯತರೂ ತಿಳಿದು ಒಪ್ಪಿದ್ದರೆ ಅದೊಂದು ಸಂಪ್ರದಾಯ. ಒಬ್ಬನಿಗೆ ಮಾತ್ರ ತಿಳಿದಿದ್ದರೆ ಸಂಗತಿ ಬೇರೆ.

ಘನ ಅಡಿಯಲ್ಲಿ ಹೇಳುವುದಾದರೆ ಈ ದಿಮ್ಮಿಯು ನಿಜದ ಲೆಕ್ಕದಲ್ಲಿ 16.2 ಘನ ಅಡಿ, ಕಾಲುಸುತ್ತಿನ ಲೆಕ್ಕದಲ್ಲಿ 12.7 ಘನ ಅಡಿ. ಉದಾಹರಣೆಗಾಗಿ ಎರಡು ದರಗಳನ್ನು ಕಲ್ಪಿಸಿಕೊಳ್ಳಬಹುದು. ಒಬ್ಬನು ನಿಜದ ಲೆಕ್ಕದಲ್ಲಿ ಘನ ಅಡಿಗೆ 500 ರೂಪಾಯಿ ಕೊಡುವೆನೆನ್ನುತ್ತಾನೆ. ಮತ್ತೊಬ್ಬನು ಕಾಲುಸುತ್ತಿನ ಲೆಕ್ಕದಲ್ಲಿ 600 ರೂಪಾಯಿ ಎನ್ನುತ್ತಾನೆ. ಎರಡನೆಯವನ ದರವೇ ಹೆಚ್ಚೆಂದು ಯಾರಿಗಾದರೂ ತೋರುತ್ತದೆ. ಆದರೆ ಮೊದಲನೆಯವನಿಂದ ಬರುವುದು 8,100 ರೂಪಾಯಿ, ಎರಡನೆಯವನಿಂದ ಬರುವುದು 7,620 ರೂಪಾಯಿ. ಹೆಚ್ಚಿನ ದರವೇ ಕಡಿಮೆ ಹಣವನ್ನು ತಂದಿತು. ಫೋನಿನ ಪರದೆಯ ಮೇಲೆ ಅಂಕಿಯೊಂದು ಮೂಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಯಾರ ಸಂಪ್ರದಾಯದ ಘನಫಲ?

ಮರದ ಆಕಾರವೂ ಲೆಕ್ಕವನ್ನು ಬದಲಿಸುತ್ತದೆ. ಬುಡದಲ್ಲಿ 60, ನಡುವೆ 42, ತುದಿಯಲ್ಲಿ 36 ಸೆಂಟಿಮೀಟರ್ ವ್ಯಾಸವುಳ್ಳ 4 ಮೀಟರ್ ಉದ್ದದ ಬುಡದ ದಿಮ್ಮಿಯೊಂದಿದೆಯೆಂದು ಭಾವಿಸೋಣ. ಎರಡು ತುದಿಗಳ ಕ್ಷೇತ್ರಫಲದ ಸರಾಸರಿಯನ್ನು ಹಿಡಿಯುವ ಸ್ಮೇಲಿಯನ್ ಸೂತ್ರದಂತೆ ಅದು 0.769 ಘನಮೀಟರ್. ನಡುವಿನ ಕ್ಷೇತ್ರಫಲವನ್ನು ಮಾತ್ರ ಹಿಡಿಯುವ ಹ್ಯೂಬರ್ ಸೂತ್ರದಂತೆ 0.554. ಎರಡು ತುದಿಗಳನ್ನೂ ನಡುವಿನ ನಾಲ್ಕರಷ್ಟನ್ನೂ ಕೂಡಿಸಿ ಆರರಿಂದ ಭಾಗಿಸುವ ನ್ಯೂಟನ್ ಸೂತ್ರದಂತೆ 0.626. ಬುಡವು ಉಬ್ಬಿಕೊಂಡಿರುವ ಕಡೆ ಮೊದಲನೆಯ ಸೂತ್ರವು ಮರವನ್ನು ಹಿಗ್ಗಿಸಿ ತೋರಿಸುತ್ತದೆ. ಟೇಪು ಒಂದೇ, ದಿಮ್ಮಿ ಒಂದೇ. ಉತ್ತರ ಮಾತ್ರ ಮೂರು.

ರಾಶಿಯ ಚಿತ್ರದಿಂದ ಘನಫಲ

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಫೋನಿನ ಕಡೆಗೆ ತಿರುಗಬಹುದು. ನಾಟಾ ವ್ಯಾಪಾರವು ದೊಡ್ಡ ಪ್ರಮಾಣದಲ್ಲಿ ನಡೆಯುವ ಉತ್ತರ ಯುರೋಪಿನ ದೇಶಗಳಲ್ಲಿ ಈ ವಿದ್ಯೆ ಬೇಗನೆ ಬೆಳೆಯಿತು. ಎಸ್ಟೋನಿಯಾ ದೇಶದಲ್ಲಿ 2013ರಲ್ಲಿ ಆರಂಭವಾದ ಟಿಂಬೀಟರ್ ಎಂಬ ಸಂಸ್ಥೆಯ ಆ್ಯಪ್ ಇದಕ್ಕೆ ಒಳ್ಳೆಯ ನಿದರ್ಶನ. ಒಟ್ಟಿದ ದಿಮ್ಮಿಗಳ ರಾಶಿಯ ಮುಖಕ್ಕೆ ಉದ್ದ ಗೊತ್ತಿರುವ ಕೋಲೊಂದನ್ನು ಆನಿಸಿ, ಎದುರಿಗೆ ನಿಂತು ಚಿತ್ರ ತೆಗೆಯಬೇಕು. ಯಂತ್ರವು ಚಿತ್ರದಲ್ಲಿ ದಿಮ್ಮಿಗಳ ದುಂಡು ಮುಖಗಳನ್ನು ಗುರುತಿಸಿ ಎಣಿಸುತ್ತದೆ, ಪ್ರತಿಯೊಂದರ ವ್ಯಾಸವನ್ನು ಕೋಲಿನೊಡನೆ ಹೋಲಿಸಿ ಸೆಂಟಿಮೀಟರಿಗೆ ಪರಿವರ್ತಿಸುತ್ತದೆ, ಬಳಕೆದಾರನು ತಿಳಿಸಿದ ಉದ್ದವನ್ನೂ ಆರಿಸಿಕೊಂಡ ಸೂತ್ರವನ್ನೂ ಹಿಡಿದು ಘನಫಲವನ್ನು ಹೇಳುತ್ತದೆ. ನೂರಾರು ದಿಮ್ಮಿಗಳನ್ನು ಒಂದೊಂದಾಗಿ ಅಳೆಯುವ ಶ್ರಮ ಇದರಿಂದ ಉಳಿಯುತ್ತದೆ. ಚಿತ್ರ, ಸ್ಥಳ, ವೇಳೆ ಮೂರೂ ದಾಖಲೆಯಾಗಿ ನಿಲ್ಲುವುದರಿಂದ ವಿವಾದ ಬಂದಾಗ ಮರಳಿ ನೋಡುವ ಅವಕಾಶವೂ ಉಂಟು. ಈ ಉಪಕಾರವು ಸಣ್ಣದಲ್ಲ.

ಆದರೆ ಇಲ್ಲಿ ಪ್ರತ್ಯಕ್ಷವಾದುದು ಚಿತ್ರದ ಬಿಂದುಗಳ ಎಣಿಕೆ ಮಾತ್ರ. ಮಿಕ್ಕುದೆಲ್ಲ ಅನುಮಾನ. ಮಂಜನ್ನು ಹೊಗೆಯೆಂದು ಬಗೆದು ಬೆಟ್ಟದಲ್ಲಿ ಬೆಂಕಿಯಿದೆಯೆನ್ನುವವನ ತರ್ಕಸರಣಿಯು ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಹೇತುವಿನಲ್ಲಿ. ಆ್ಯಪಿನ ಗುಣಾಕಾರ ಭಾಗಾಕಾರಗಳಲ್ಲಿ ದೋಷವಿರುವುದಿಲ್ಲ. ಅದಕ್ಕೆ ಒದಗಿಸಿದ ಹೇತುವಿನಲ್ಲಿ ದೋಷವಿರಬಹುದು. ಅಂತಹ ದೋಷಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಕೋಲಿನ ಸ್ಥಾನ. ರಾಶಿಯ ಮುಖವು ಕ್ಯಾಮೆರಾದಿಂದ 3 ಮೀಟರ್ ದೂರದಲ್ಲಿದ್ದು, ಕೋಲು ಅದಕ್ಕಿಂತ 15 ಸೆಂಟಿಮೀಟರ್ ಮುಂದಕ್ಕೆ ನಿಂತಿದ್ದರೆ, ಹತ್ತಿರದ ವಸ್ತು ದೊಡ್ಡದಾಗಿ ಕಾಣುವ ನ್ಯಾಯದಂತೆ ಕೋಲು ದೊಡ್ಡದಾಗಿ ತೋರಿ, ದಿಮ್ಮಿಗಳ ವ್ಯಾಸವು ಶೇಕಡಾ 5ರಷ್ಟು ಕಡಿಮೆಯಾಗಿ ಲೆಕ್ಕಕ್ಕೆ ಬರುತ್ತದೆ. ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಘನಫಲದಲ್ಲಿ ಆಗುವ ನಷ್ಟ ಶೇಕಡಾ 10ಕ್ಕೆ ಹತ್ತಿರವಾಗುತ್ತದೆ. ಹತ್ತು ಲಾರಿಗಳ ಮರದಲ್ಲಿ ಒಂದು ಲಾರಿಯಷ್ಟು ಮರವು ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ಮಾಯವಾಯಿತೆಂದ ಮೇಲೆ ಕೋಲನ್ನು ಇಡುವ ಕೈಯನ್ನು ಗಮನಿಸಬೇಕಾದುದು ಅವಶ್ಯ.

ಎರಡನೆಯದು ಮುಖದ ಸಾಕ್ಷ್ಯ. ಚಿತ್ರದಲ್ಲಿ ಕಾಣುವುದು ದಿಮ್ಮಿಯ ಒಂದು ತುದಿ. ಅದು ಬುಡವಾಗಿದ್ದರೆ ಲೆಕ್ಕ ಹೆಚ್ಚುತ್ತದೆ, ತುದಿಯಾಗಿದ್ದರೆ ತಗ್ಗುತ್ತದೆ. ಆದುದರಿಂದ ರಾಶಿಯ ಎರಡೂ ಬದಿಯ ಚಿತ್ರಗಳನ್ನು ತೆಗೆದು ಹೋಲಿಸುವುದು ಉಚಿತ.

ಮೂರನೆಯದು ತೊಗಟೆ. ತೊಗಟೆ ಸಹಿತವಾದ ವ್ಯಾಸ 31 ಸೆಂಟಿಮೀಟರ್, ತೊಗಟೆ ಬಿಟ್ಟು 30 ಎಂದಿಟ್ಟುಕೊಂಡರೂ ಘನಫಲದಲ್ಲಿ ಶೇಕಡಾ 6.8ರಷ್ಟು ಅಂತರ ಬೀಳುತ್ತದೆ. ಮಾರಾಟವಾಗುತ್ತಿರುವುದು ತೊಗಟೆ ಸಹಿತವಾದ ಮರವೋ, ತೊಗಟೆ ಕಳೆದದ್ದೋ ಎಂಬುದು ಮೊದಲೇ ನಿರ್ಧಾರವಾಗಬೇಕು.

ನಾಲ್ಕನೆಯದು ಸಂದುಗಳು. ಜರ್ಮನಿಯಲ್ಲಿ ದಿಮ್ಮಿಗಳ ನಡುವಿನ ಗಾಳಿಯೂ ಸೇರಿದ ರಾಶಿಯ ಘನಮೀಟರಿಗೆ ಒಂದು ಹೆಸರು, ಗಾಳಿ ಕಳೆದು ಉಳಿದ ಗಟ್ಟಿ ಮರದ ಘನಮೀಟರಿಗೆ ಬೇರೊಂದು ಹೆಸರು ಬಳಕೆಯಲ್ಲಿವೆ. ಮೊದಲನೆಯದನ್ನು ಸುಮಾರು 0.7ರಿಂದ ಗುಣಿಸಿದರೆ ಎರಡನೆಯದು ಬರುತ್ತದೆಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ವಕ್ರವಾದ, ಗಂಟುಗಳುಳ್ಳ ಮರದ ರಾಶಿಯಲ್ಲಿ ಸಂದುಗಳು ಇನ್ನೂ ಹೆಚ್ಚು. ಪರದೆಯ ಅಂಕಿಯು ಈ ಎರಡರಲ್ಲಿ ಯಾವುದೆಂದು ತಿಳಿಯದೆ ದರ ಮಾತಾಡುವುದು ಅವಿವೇಕ.

ನಿಂತ ಮರದ ಅಳತೆ

ಕಡಿದ ಮರದ ಮಾತು ಹೀಗಾದರೆ ನಿಂತ ಮರದ ಅಳತೆಯಲ್ಲಿ ಅನುಮಾನದ ಪಾಲು ಇನ್ನೂ ದೊಡ್ಡದು. ಎತ್ತರವನ್ನು ಹತ್ತಿ ಅಳೆಯುವಂತಿಲ್ಲ. ಪ್ರಾಚೀನರ ಛಾಯಾವ್ಯವಹಾರವು ಶಂಕುವಿನ ನೆರಳಿನಿಂದ ಎತ್ತರವನ್ನು ಹೇಳುತ್ತಿತ್ತು. 1 ಮೀಟರ್ ಕೋಲಿನ ನೆರಳು 0.8 ಮೀಟರ್ ಇರುವ ವೇಳೆಯಲ್ಲಿ ಮರದ ನೆರಳು 12 ಮೀಟರ್ ಇದ್ದರೆ ಮರವು 15 ಮೀಟರ್ ಎತ್ತರವೆಂದು ತ್ರೈರಾಶಿಯಿಂದ ಸಿದ್ಧಿಸುತ್ತದೆ. ಫೋನು ನೆರಳಿಗೆ ಬದಲಾಗಿ ಕೋನವನ್ನು ಹಿಡಿಯುತ್ತದೆ. ಅದರೊಳಗಿನ ಸೂಕ್ಷ್ಮ ಸಾಧನವೊಂದು ಭೂಮಿಯ ಸೆಳೆತದ ದಿಕ್ಕನ್ನು ಅರಿತು, ಫೋನು ಎಷ್ಟು ಓರೆಯಾಗಿದೆಯೆಂಬುದನ್ನು ತಿಳಿಸುತ್ತದೆ. 20 ಮೀಟರ್ ದೂರದಿಂದ ತುದಿಯು 35 ಅಂಶ ಮೇಲಕ್ಕೂ ಬುಡವು 4 ಅಂಶ ಕೆಳಕ್ಕೂ ಕಂಡರೆ 14.0 ಮತ್ತು 1.4 ಸೇರಿ 15.4 ಮೀಟರ್ ಎತ್ತರವಾಗುತ್ತದೆ. ದೂರವು ವಾಸ್ತವವಾಗಿ 18 ಮೀಟರ್ ಇದ್ದು, ಹೆಜ್ಜೆಯ ಅಂದಾಜಿನಲ್ಲಿ 20 ಎಂದು ನಮೂದಿಸಿದ್ದರೆ 13.9 ಮೀಟರಿನ ಮರವೇ 15.4 ಮೀಟರ್ ಆಗಿ ತೋರುತ್ತದೆ. ಮರವು ನೋಡುವವನ ಕಡೆಗೆ ವಾಲಿದ್ದರೂ ಎತ್ತರ ಹೆಚ್ಚಾಗಿ ಕಾಣುತ್ತದೆ.

ಸುತ್ತಳತೆಗೆ ಎದೆಮಟ್ಟವೇ ಸ್ಥಾನ. ಭಾರತದಲ್ಲಿ ಎದೆಮಟ್ಟವೆಂದರೆ ನೆಲದಿಂದ 1.37 ಮೀಟರ್, ಯುರೋಪಿನಲ್ಲಿ 1.30 ಮೀಟರ್. ಅಲ್ಲಿ ರಚಿತವಾದ ಆ್ಯಪ್ ಅಲ್ಲಿನ ಎದೆಮಟ್ಟವನ್ನೇ ಹಿಡಿಯುವುದು ಸಹಜ. 2020ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಐಪ್ಯಾಡ್ ಪ್ರೊ ಮತ್ತು ಐಫೋನ್ 12 ಪ್ರೊ ಮಾದರಿಗಳಲ್ಲಿ ಲೈಡಾರ್ ಎಂಬ ಸಾಧನವನ್ನು ಅಳವಡಿಸಿತು. ಅದು ಬೆಳಕಿನ ಕಿರಣಗಳನ್ನು ಕಳುಹಿಸಿ, ಅವು ಮರಳುವ ಕಾಲದಿಂದ ದೂರವನ್ನು ತಿಳಿಯುತ್ತದೆ. ಸುಮಾರು 5 ಮೀಟರ್ ಒಳಗಿನ ಕಾಂಡದ ದುಂಡನ್ನು ಹೀಗೆ ಗ್ರಹಿಸಲು ಸಾಧ್ಯ. ಆದರೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿನಲ್ಲಿ ಆ ಕಿರಣ ತಾಗುವುದು ಬಳ್ಳಿಗೆ, ಕಾಂಡಕ್ಕಲ್ಲ.

ಇಡೀ ಕಾಡಿನ ಅಳತೆಯು ಮತ್ತೂ ಕಠಿಣವಾದ ಕೆಲಸ. 1856ರಲ್ಲಿ ಬರ್ಮಾದ ಪೆಗು ಪ್ರಾಂತದ ತೇಗದ ಕಾಡುಗಳ ಅಧಿಕಾರಿಯಾಗಿ ಬಂದ ಡೀಟ್ರಿಕ್ ಬ್ರಾಂಡಿಸ್, ಮುಂದೆ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದವನು, ಆನೆಯ ಮೇಲೆ ಕುಳಿತು ಸಾಗುತ್ತ, ಕಂಡ ತೇಗದ ಮರಗಳನ್ನು ಗಾತ್ರದ ವರ್ಗಕ್ಕೆ ತಕ್ಕಂತೆ ಬಿದಿರಿನ ತುಂಡುಗಳ ಮೇಲೆ ಕಚ್ಚು ಕೊರೆದು ಎಣಿಸಿದನು. 1948ರಲ್ಲಿ ಆಸ್ಟ್ರಿಯಾದ ಅರಣ್ಯವಿಜ್ಞಾನಿ ವಾಲ್ಟರ್ ಬಿಟ್ಟರ್‌ಲಿಖ್ ಇದಕ್ಕಿಂತ ಸುಲಭವಾದ ಉಪಾಯವನ್ನು ಪ್ರಕಟಿಸಿದನು. 1 ಮೀಟರ್ ಕೋಲಿನ ತುದಿಗೆ 2 ಸೆಂಟಿಮೀಟರ್ ಅಗಲದ ತಗಡನ್ನು ಸಿಕ್ಕಿಸಿ, ನಿಂತಲ್ಲಿಯೇ ಒಂದು ಸುತ್ತು ತಿರುಗುತ್ತ, ಎದೆಮಟ್ಟದಲ್ಲಿ ತಗಡಿಗಿಂತ ಅಗಲವಾಗಿ ಕಾಣುವ ಕಾಂಡಗಳನ್ನು ಎಣಿಸಬೇಕು. ಎಣಿಕೆ 12 ಬಂದರೆ ಆ ಕಾಡಿನ ಒಂದು ಹೆಕ್ಟೇರಿನಲ್ಲಿರುವ ಕಾಂಡಗಳ ಅಡ್ಡಕೊಯ್ತದ ಒಟ್ಟು ಕ್ಷೇತ್ರಫಲವು ಸುಮಾರು 12 ಚದರ ಮೀಟರ್. ಒಂದು ಮರವನ್ನೂ ಮುಟ್ಟದೆ ದೊರೆಯುವ ಈ ಫಲವು ಅನುಮಾನದ ಶಕ್ತಿಗೆ ಸುಂದರ ನಿದರ್ಶನ. ಫಿನ್‌ಲೆಂಡಿನ ಟ್ರೆಸ್ಟಿಮಾ, ಸ್ವಿಟ್ಜರ್‌ಲೆಂಡಿನ ಬರ್ನ್ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮೋಟಿ ಎಂಬ ಆ್ಯಪ್‌ಗಳು ಇದೇ ತತ್ತ್ವವನ್ನು ಫೋನಿನ ಕ್ಯಾಮೆರಾಕ್ಕೆ ಹೊಂದಿಸಿದವು. ಕೋಲು ತಗಡುಗಳ ಸ್ಥಾನದಲ್ಲಿ ಪರದೆ ಬಂದಿತು; ವ್ಯಾಪ್ತಿ ಮಾತ್ರ ಹಳೆಯದೇ.

ನಿಂತ ಮರದ ಘನಫಲಕ್ಕೆ ಕೊನೆಯದಾಗಿ ಆಕಾರದ ಗುಣಕವೊಂದು ಬೇಕು. ಎದೆಮಟ್ಟದ ಸುತ್ತಳತೆ 1.2 ಮೀಟರ್, ಎತ್ತರ 16 ಮೀಟರ್ ಇರುವ ಮರವು ಕಂಬದಂತೆ ಏಕರೂಪವಾಗಿದ್ದರೆ 1.83 ಘನಮೀಟರ್ ಆಗುತ್ತಿತ್ತು. ಮರವು ಮೇಲಕ್ಕೆ ಹೋದಂತೆ ಸಣ್ಣದಾಗುವುದರಿಂದ ಅದನ್ನು ಗುಣಕದಿಂದ ತಗ್ಗಿಸಬೇಕು. ಗುಣಕ 0.40 ಆದರೆ 0.73, 0.50 ಆದರೆ 0.92. ಈ ಗುಣಕವು ಜಾತಿಯಿಂದ ಜಾತಿಗೆ, ನೆಲದಿಂದ ನೆಲಕ್ಕೆ ಬೇರೆ. ಉತ್ತರ ದೇಶಗಳ ಪೈನ್ ಮರಕ್ಕೆ ಕಟ್ಟಿದ ಗುಣಕವು ಮಲೆನಾಡಿನ ಮರಕ್ಕೆ ಹೊಂದಬೇಕೆಂಬ ನಿಯಮವಿಲ್ಲ.

ಆಚರಣೆಯ ಮಾತು

ಹಾಗಾದರೆ ಫೋನನ್ನು ತ್ಯಜಿಸಬೇಕೆ? ಹಾಗೆನ್ನುವುದು ಯುಕ್ತವಲ್ಲ. ಅನುಮಾನವೂ ಪ್ರಮಾಣವೇ, ಪ್ರತ್ಯಕ್ಷದೊಡನೆ ತಾಳೆ ನೋಡಿದ ಅನುಮಾನವು ಬಲವಾದ ಪ್ರಮಾಣ. ರಾಶಿಯಲ್ಲಿ ಹತ್ತು ದಿಮ್ಮಿಗಳನ್ನು ಆರಿಸಿ ಟೇಪಿನಿಂದ ಅಳೆದು ಆ್ಯಪಿನ ಅಂಕಿಯೊಡನೆ ಹೋಲಿಸುವುದು, ದಿಮ್ಮಿಗಳ ಸಂಖ್ಯೆಯನ್ನು ಕೈಯಿಂದ ಎಣಿಸಿ ಸರಿನೋಡುವುದು, ಸೂತ್ರ ಯಾವುದು, ತೊಗಟೆ ಸೇರಿದೆಯೆ, ಸಂದು ಕಳೆದಿದೆಯೆ, ಉದ್ದವನ್ನು ಯಾರು ಹೇಳಿದರು ಎಂಬುದನ್ನು ಬರವಣಿಗೆಯಲ್ಲಿ ಇರಿಸಿಕೊಳ್ಳುವುದು, ಇಷ್ಟಾದರೆ ಫೋನಿನ ಉಪಕಾರವು ಮಾರುವವನಿಗೂ ಕೊಳ್ಳುವವನಿಗೂ ಸಮನಾಗಿ ದೊರೆಯುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು ಮಾನಗಳು ಮೆಟ್ರಿಕ್ ಪದ್ಧತಿಯಲ್ಲಿರಬೇಕೆಂದೂ, ವ್ಯವಹಾರದಲ್ಲಿ ಬಳಸುವ ತೂಕ ಅಳತೆಗಳು ಪರಿಶೀಲನೆಗೊಂಡು ಮುದ್ರೆ ಪಡೆದಿರಬೇಕೆಂದೂ ವಿಧಿಸುತ್ತದೆ ಎಂಬುದನ್ನೂ ಮರೆಯಬಾರದು. ಆ್ಯಪಿನ ಅಂಕಿಯು ವಿಚಾರಣೆಗೆ ಆರಂಭವಾಗಬಹುದೇ ಹೊರತು ಟೇಪನ್ನು ಮೂಲೆಗೆ ಹಾಕುವ ಆಜ್ಞೆಯಾಗಲಾರದು.

ಈ ವಿಷಯವು ಶಾಲೆಗೂ ಸಲ್ಲುತ್ತದೆ. ವೃತ್ತದ ಪರಿಧಿ, ಸ್ತಂಭದ ಘನಫಲ, ಸಮರೂಪ ತ್ರಿಕೋನಗಳು, ಶೇಕಡಾವಾರು, ಇವೆಲ್ಲ ಪ್ರೌಢಶಾಲೆಯ ಪಾಠಗಳೇ. ಶಾಲೆಯ ಆವರಣದಲ್ಲಿರುವ ಐದು ಮರಗಳ ಸುತ್ತಳತೆಯನ್ನು ವಿದ್ಯಾರ್ಥಿಗಳು ಟೇಪಿನಿಂದಲೂ ಫೋನಿನಿಂದಲೂ ತೆಗೆಯಲಿ. ಎತ್ತರವನ್ನು ನೆರಳಿನಿಂದಲೂ ಕೋನದಿಂದಲೂ ಕಂಡುಹಿಡಿಯಲಿ. ಎರಡು ಉತ್ತರಗಳ ಅಂತರವನ್ನು ಬರೆದು, ಆ ಅಂತರಕ್ಕೆ ಕಾರಣವನ್ನು ತಾವೇ ಹುಡುಕಲಿ. ಅಂಕಿಗಳು ಹೊಂದಿಬರುವುದಕ್ಕಿಂತ ಹೊಂದದಿರುವುದಕ್ಕೆ ಕಾರಣ ಹೇಳಬಲ್ಲವನಾಗುವುದೇ ಈ ಪಾಠದ ಫಲ. ಅಂತಹ ಬಾಲಕನೋ ಬಾಲಕಿಯೋ ಮುಂದೊಂದು ದಿನ ತಂದೆಯ ತೋಟದ ಮರ ಮಾರಾಟವಾಗುವಾಗ ಪಕ್ಕದಲ್ಲಿ ನಿಂತು, ಈ ಘನ ಅಡಿ ಯಾವ ಲೆಕ್ಕದ್ದು ಎಂದು ವಿನಯದಿಂದ ಕೇಳಿದರೆ, ಶಾಲೆಯು ಆ ಮನೆಗೆ ಸಲ್ಲಿಸಬೇಕಾದ ಋಣದ ಒಂದು ಭಾಗ ಸಂದಂತಾಗುತ್ತದೆ.